ಒಂದೇ ಕಾಲು ಬಾತುಕೊಂಡರೆ ಉದಾಸೀನ ಬೇಡ

ಸ್ವರ್ಣವಲ್ಲಿಯ ಆಸುಪಾಸಿನ ಹಳ್ಳಿಯಿಂದ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಫೋನ್ ಮಾಡಿದಳು. "ಸರ್, ಆಯಿಗೆ ಮೂರನೆಯ ಕಿಮೊ ಆಗಿ ಹತ್ತು ದಿನ ಆಯ್ತು. ನಿನ್ನೆಯಿಂದ ಎಡಗಾಲು ಮಾತ್ರ ಬಾತುಕೊಂಡಿದೆ. ಎಣ್ಣೆ ಬಿಸಿಮಾಡಿ ತಿಕ್ಕಬಹುದೇ?"

ನಾನು ವೈದ್ಯನಲ್ಲ, ವಿಜ್ಞಾನದ ಮಾಸ್ತರ. ಆದರೂ ಹೇಳಿದೆ: "ತಿಕ್ಕಬೇಡ ತಂಗಿ. ಈಗಲೇ ಆಸ್ಪತ್ರೆಗೆ ಹೊರಡಿ." ಅಂದೇ ರಾತ್ರಿ ಡಾಪ್ಲರ್ ಸ್ಕ್ಯಾನ್ ಮಾಡಿದಾಗ ತೊಡೆಯ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದ್ದು ಕಂಡಿತು. ಸಕಾಲದಲ್ಲಿ ಔಷಧಿ ದೊರೆತು ತಾಯಿ ಚೇತರಿಸಿಕೊಂಡರು.

ಕ್ಯಾನ್ಸರಿಗೂ ಕಾಲಿನ ಬಾವಿಗೂ ಏನು ಸಂಬಂಧ? ಈ ನಂಟನ್ನು 1865ರಲ್ಲೇ ವಿವರಿಸಿದವರು ಪ್ಯಾರಿಸ್ಸಿನ ವೈದ್ಯ ಆರ್ಮಾಂಡ್ ಟ್ರೂಸೊ. ವಿಧಿಯಾಟ ನೋಡಿ, ಎರಡೇ ವರ್ಷಗಳಲ್ಲಿ ಅವರ ದೇಹದಲ್ಲೇ ಅಂಥ ಹೆಪ್ಪು ಕಾಣಿಸಿಕೊಂಡಿತು. ಅದರ ಅರ್ಥವನ್ನು ಅವರು ಆಗಲೇ ಗ್ರಹಿಸಿದ್ದರು. 1867ರಲ್ಲಿ ಜಠರದ ಕ್ಯಾನ್ಸರಿನಿಂದ ತೀರಿಕೊಂಡರು.

ಗಾಯವಾದಾಗ ರಕ್ತ ಹೆಪ್ಪುಗಟ್ಟುವುದು ನಮಗೆ ವರದಾನ. ಕಿರುತಟ್ಟೆಗಳು ಒಟ್ಟುಗೂಡುತ್ತವೆ, ಫೈಬ್ರಿನ್ ಎಳೆಗಳು ಬಲೆ ನೇಯುತ್ತವೆ, ರಕ್ತಸ್ರಾವ ನಿಲ್ಲುತ್ತದೆ. ಆದರೆ ಗಾಯವೇ ಇಲ್ಲದ ಕಡೆ, ನಾಳದೊಳಗೇ ಹೀಗಾದರೆ? ನಮ್ಮ ಅಡಿಕೆ ತೋಟದ ಬಸಿಗಾಲುವೆಯನ್ನು ನೆನೆಯಿರಿ. ನೀರಿನ ಓಟ ನಿಧಾನವಾದರೆ, ದಂಡೆ ಕುಸಿದರೆ, ನೀರೇ ರಾಡಿಯಾದರೆ ಹೂಳು ತುಂಬುತ್ತದೆ. ರಕ್ತನಾಳದಲ್ಲೂ ಕಾರಣಗಳು ಇಂಥವೇ ಮೂರು. ಇವು ಜರ್ಮನಿಯ ವಿಜ್ಞಾನಿ ರುಡಾಲ್ಫ್ ವಿರ್ಕೋವ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿವೆ.

ಕಿಮೊ ಪಡೆಯುವ ರೋಗಿಯಲ್ಲಿ ಈ ಮೂರೂ ಒಟ್ಟಾಗಬಹುದು. ಸುಸ್ತಿನಿಂದ ಹಾಸಿಗೆ ಹಿಡಿದಾಗ ಕಾಲಿನ ರಕ್ತದ ಓಟ ಮಂದವಾಗುತ್ತದೆ. ಕೆಲವು ಔಷಧಿಗಳು ಮತ್ತು ಔಷಧಿ ಕೊಡಲು ನಾಳದಲ್ಲಿಟ್ಟ ನಳಿಕೆ ನಾಳದ ಒಳಪದರವನ್ನು ಘಾಸಿಗೊಳಿಸುತ್ತವೆ. ಅನೇಕ ಕ್ಯಾನ್ಸರ್ ಕೋಶಗಳಂತೂ ಹೆಪ್ಪುಗಟ್ಟಿಸುವ ವಸ್ತುಗಳನ್ನು ತಾವೇ ಸ್ರವಿಸುತ್ತವೆ. ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಕ್ಯಾನ್ಸರ್ ಇದ್ದವರಿಗೆ ಈ ಅಪಾಯ ಇತರರಿಗಿಂತ ಸುಮಾರು 4 ಪಟ್ಟು. ಕಿಮೊ ಜೊತೆಗೂಡಿದರೆ 6 ಪಟ್ಟಿಗೂ ಮಿಗಿಲು.

ಎಲ್ಲರಿಗೂ ಅಪಾಯ ಸಮಾನವಲ್ಲ. ಜಠರ ಮತ್ತು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ ಅದು ಅತಿ ಹೆಚ್ಚು. ಭಾರತ ಮೂಲದ ವೈದ್ಯ ಅಲೋಕ್ ಖೊರಾನಾ 2008ರಲ್ಲಿ ಸರಳ ಅಂಕಪಟ್ಟಿಯೊಂದನ್ನು ರೂಪಿಸಿದರು. ಕ್ಯಾನ್ಸರ್ ಇರುವ ಅಂಗ, ಕಿರುತಟ್ಟೆ, ಹಿಮೋಗ್ಲೋಬಿನ್ ಹಾಗೂ ಬಿಳಿ ರಕ್ತಕಣಗಳ ಪ್ರಮಾಣ, ದೇಹದ ಸ್ಥೂಲತೆ ಇವಿಷ್ಟೇ ಅದಕ್ಕೆ ಸಾಕು. ಅಂಕ ಹೆಚ್ಚಿದ್ದವರಿಗೆ ಮುಂಜಾಗ್ರತೆಯ ಔಷಧಿ ಬೇಕೇ ಎಂದು ವೈದ್ಯರು ನಿರ್ಧರಿಸುತ್ತಾರೆ.

ಈ ಔಷಧಿಗಳ ಕಥೆ ದನ ಕಟ್ಟಿದ ಮನೆಯವರಿಗೆ ರುಚಿಸೀತು. 1920ರ ದಶಕದಲ್ಲಿ ಉತ್ತರ ಅಮೆರಿಕದ ಕೊಟ್ಟಿಗೆಗಳಲ್ಲಿ ಬೂಷ್ಟು ಹಿಡಿದ ಒಣಮೇವು ತಿಂದ ದನಗಳು ರಕ್ತಸ್ರಾವದಿಂದ ಸತ್ತವು. ಕಾರಣ ಹುಡುಕಿದ ಕಾರ್ಲ್ ಪಾಲ್ ಲಿಂಕ್ ಅವರ ತಂಡದ ಕೆಲಸದಿಂದಲೇ ಮುಂದೆ ವಾರ್ಫರಿನ್ ಬಂತು. ಮೊದಲು ಇಲಿಪಾಷಾಣ, 1954ರಿಂದ ಮನುಷ್ಯರಿಗೆ ಔಷಧಿ! ಇಂದು ಕ್ಯಾನ್ಸರ್ ರೋಗಿಗಳಿಗೆ ಹೆಚ್ಚಾಗಿ ಹೆಪಾರಿನ್ ಚುಚ್ಚುಮದ್ದು ಅಥವಾ ಅಪಿಕ್ಸಬಾನ್‌ನಂಥ ಹೊಸ ಗುಳಿಗೆ ಕೊಡುತ್ತಾರೆ.

ಮನೆಯವರು ಗಮನಿಸಬೇಕಾದ್ದೇನು? ಒಂದೇ ಕಾಲು ಅಥವಾ ಕೈಯಲ್ಲಿ ಬಾವು, ನೋವು, ಬಿಸಿ, ಕೆಂಪು ಕಂಡರೆ ಅದೇ ದಿನ ವೈದ್ಯರಿಗೆ ತಿಳಿಸಬೇಕು. ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಕುತ್ತು. ಹಠಾತ್ ಏದುಸಿರು, ಎದೆನೋವು, ಕೆಮ್ಮಿನಲ್ಲಿ ರಕ್ತ ಅಥವಾ ತಲೆಸುತ್ತಿ ಬೀಳುವುದು ಅದರ ಸೂಚನೆ. ಆಗ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆಮಾಡಿ. ಬಾತ ಕಾಲನ್ನು ತಿಕ್ಕಲೇಬಾರದು. ರಕ್ತ ತೆಳುವಾಗಲೆಂದು ತಾವಾಗಿಯೇ ಆಸ್ಪಿರಿನ್ ನುಂಗುವುದೂ ತಪ್ಪು. ಕಿಮೊದಿಂದ ಕಿರುತಟ್ಟೆಗಳು ಕುಸಿದಿದ್ದರೆ ರಕ್ತಸ್ರಾವವಾದೀತು.

ಶಿರಸಿ, ಸಿದ್ದಾಪುರ, ಯಲ್ಲಾಪುರದವರಿಗೆ ಚಿಕಿತ್ಸೆಯೆಂದರೆ ಹುಬ್ಬಳ್ಳಿ, ಮಣಿಪಾಲ ಇಲ್ಲವೇ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯ ದಾರಿ. ಗಂಟೆಗಟ್ಟಲೆ ಕುಳಿತೇ ಇರಬಾರದು. ನಡುನಡುವೆ ವಾಹನ ನಿಲ್ಲಿಸಿ ನಾಲ್ಕು ಹೆಜ್ಜೆ ನಡೆಸಿ. ಕುಳಿತಲ್ಲೇ ಪಾದ ಆಡಿಸಲು ಹೇಳಿ. ವೈದ್ಯರ ಅಡ್ಡಿಯಿಲ್ಲದಿದ್ದರೆ ಧಾರಾಳ ನೀರು ಕುಡಿಸಿ.

ವಿದ್ಯಾರ್ಥಿಗಳೇ, ರಕ್ತ ಪರಿಚಲನೆಯ ಪಾಠ ಪರೀಕ್ಷೆಯ ನಾಲ್ಕು ಅಂಕಗಳಿಗಷ್ಟೇ ಅಲ್ಲ. ಎಣ್ಣೆಯ ಬಟ್ಟಲನ್ನು ಕೆಳಗಿಟ್ಟು ಫೋನ್ ಎತ್ತಿಕೊಂಡ ಆ ಹುಡುಗಿಯನ್ನೇ ನೋಡಿ. ಕೇಳಿ ತಿಳಿಯುವ ಅವಳ ಅಭ್ಯಾಸವೇ ತಾಯಿಯನ್ನು ಉಳಿಸಿತು.