ಕೈತುತ್ತಿಗೆ ಒಲಿದ ತೊರಕೆ ಮೀನು

ರೋಣ ತಾಲ್ಲೂಕಿನ ಸವಡಿಗೆ ಬಾದಾಮಿಯು ದೂರದ ಊರೇನಲ್ಲ. ಅಲ್ಲಿಯ ಗುಹಾಲಯಗಳನ್ನು ನೋಡಹೋದವರೆಲ್ಲರೂ ಕೋತಿಗಳ ಕಾಟವನ್ನು ಬಲ್ಲರು. ಹಣ್ಣು ಚಿಗುರುಗಳನ್ನು ಅರಸಿ ತಿನ್ನಬೇಕಾದ ಈ ಪ್ರಾಣಿಗಳು ಪ್ರವಾಸಿಗರ ಕೈಚೀಲದ ಮೇಲೆಯೇ ಕಣ್ಣಿಟ್ಟು ಕುಳಿತಿರುತ್ತವೆ. ಮನುಷ್ಯನು ನೀಡುವ ತುತ್ತು ಪ್ರಾಣಿಗಳ ನಡವಳಿಕೆಯನ್ನೇ ಮಾರ್ಪಡಿಸಬಲ್ಲುದು. ನೆಲದ ಮೇಲೆ ನಾವು ದಿನವೂ ಕಾಣುವ ಈ ಸಂಗತಿ ಸಮುದ್ರದೊಳಗಿನ ಮೀನೊಂದರಲ್ಲಿಯೂ ನಡೆದಿದೆ. ಆ ಮೀನೇ ತೊರಕೆ.

ತೊರಕೆಯು ನಮ್ಮ ಕರಾವಳಿಯ ಬೆಸ್ತರಿಗೆ ಚಿರಪರಿಚಿತವಾದುದು. ಇದು ಶಾರ್ಕ್ ಮೀನಿನ ಹತ್ತಿರದ ಸಂಬಂಧಿ. ಎರಡರ ಅಸ್ಥಿಪಂಜರವೂ ಗಟ್ಟಿ ಮೂಳೆಯಿಂದಲ್ಲ, ಮೃದ್ವಸ್ಥಿಯಿಂದ ಆದುದು. ಶರೀರವು ತಟ್ಟೆಯಂತೆ ಚಪ್ಪಟೆ. ಕಣ್ಣುಗಳು ಮೇಲ್ಭಾಗದಲ್ಲಿಯೂ ಬಾಯಿ ತಳಭಾಗದಲ್ಲಿಯೂ ಇರುವುದರಿಂದ, ತಾನು ತಿನ್ನುವುದನ್ನು ತಾನೇ ಕಾಣದು. ಆದರೇನು? ಮರಳಿನೊಳಗೆ ಅಡಗಿದ ಏಡಿ, ಹುಳು ಮುಂತಾದವುಗಳ ದೇಹದಿಂದ ಹೊರಡುವ ಅತಿ ಸೂಕ್ಷ್ಮವಾದ ವಿದ್ಯುತ್ತನ್ನು ಗ್ರಹಿಸುವ ಅಂಗಗಳು ಇದರ ಮೂತಿಯ ಸುತ್ತಲೂ ಇವೆ. ಬಾಲದ ಮೇಲೆ ಗರಗಸದಂತಹ ಹಲ್ಲುಗಳುಳ್ಳ ವಿಷದ ಮುಳ್ಳು ಉಂಟು. ಇದು ಬೇಟೆಯ ಆಯುಧವಲ್ಲ, ಆತ್ಮರಕ್ಷಣೆಯ ಸಾಧನ. ಆಸ್ಟ್ರೇಲಿಯದ ಪ್ರಸಿದ್ಧ ವನ್ಯಜೀವಿ ಪ್ರೇಮಿ ಸ್ಟೀವ್ ಇರ್ವಿನ್ 2006ರಲ್ಲಿ ಮಡಿದುದು ಇಂತಹ ಮುಳ್ಳು ಎದೆಗೆ ನಾಟಿದುದರಿಂದ. ಆದರೆ ಅಂತಹ ಸಾವು ಬಲು ವಿರಳ.

ಇಂತಹ ಮೀನನ್ನು ಮುಟ್ಟಿ ಮಾತನಾಡಿಸಲೆಂದು ಜನರು ಹಣ ತೆತ್ತು ಹೋಗುವ ತಾಣವೊಂದಿದೆ. ಅದು ಕೆರಿಬಿಯನ್ ಸಮುದ್ರದ ಗ್ರಾಂಡ್ ಕೇಮನ್ ದ್ವೀಪದಲ್ಲಿರುವ 'ಸ್ಟಿಂಗ್‌ರೇ ಸಿಟಿ', ಎಂದರೆ ತೊರಕೆಗಳ ಪಟ್ಟಣ. ಹಿಂದೆ ಅಲ್ಲಿಯ ಬೆಸ್ತರು ಹವಳದ ದಿಬ್ಬದ ಒಳಗಿನ ಶಾಂತ ನೀರಿಗೆ ಬಂದು, ಹಿಡಿದ ಮೀನುಗಳನ್ನು ಶುಚಿಮಾಡಿ, ಕರುಳು ಮುಂತಾದುವನ್ನು ನೀರಿಗೆ ಎಸೆಯುತ್ತಿದ್ದರು. ಅದನ್ನು ತಿನ್ನಲು ತೊರಕೆಗಳು ನೆರೆಯತೊಡಗಿದವು. ಕಾಲಕ್ರಮದಲ್ಲಿ ದೋಣಿಯ ಸದ್ದೇ ಅವಕ್ಕೆ ಊಟದ ಗಂಟೆಯಾಯಿತು. 1980ರ ದಶಕದ ನಡುವೆ ಮುಳುಗುಗಾರರು ಅವಕ್ಕೆ ಕೈಯಿಂದಲೇ ತಿನ್ನಿಸಲಾರಂಭಿಸಿದರು. ಈಗ ದೊಡ್ಡ ವಿಹಾರನೌಕೆಗಳಲ್ಲಿ ಬಂದಿಳಿಯುವ ಪ್ರವಾಸಿಗರನ್ನು ಸ್ಥಳೀಯ ದೋಣಿಗಾರರು ಅಲ್ಲಿಗೆ ಕರೆದೊಯ್ಯುತ್ತಾರೆ.

ಪಳಗಿದ ದೋಣಿಗಾರನು ಪ್ರವಾಸಿಗಳಿಗೆ ಮೊದಲು ಕಲಿಸುವ ಪಾಠ ನಡಿಗೆಯದು. ಸೊಂಟದಷ್ಟು ನೀರಿನಲ್ಲಿ ಕಾಲೆತ್ತಿ ಇಡಕೂಡದು; ಮರಳಿನ ಮೇಲೆ ಪಾದಗಳನ್ನು ಎಳೆಯುತ್ತ ಸಾಗಬೇಕು. ಆಗ ಮರಳಿನಲ್ಲಿ ಹುದುಗಿದ ತೊರಕೆಯು ಅದುರನ್ನರಿತು ತಾನಾಗಿ ಸರಿದುಹೋಗುವುದು. ಬೆನ್ನ ಮೇಲೆ ಕಾಲು ಬಿದ್ದರೆ ಮಾತ್ರ ಅದು ಬಾಲವನ್ನು ಬೀಸೀತು.

ಹಾಗಾದರೆ ಈ ಸ್ನೇಹದಿಂದ ಮೀನಿಗೆ ಕೇಡೇನು? 2013ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಇದಕ್ಕೆ ಉತ್ತರ ನೀಡುತ್ತದೆ. ವಿಜ್ಞಾನಿಗಳು ತೊರಕೆಗಳಿಗೆ ಶಬ್ದ ಹೊರಡಿಸುವ ಚಿಕ್ಕ ಯಂತ್ರಗಳನ್ನು ಜೋಡಿಸಿ ಅವುಗಳ ಸಂಚಾರವನ್ನು ಗುರುತಿಸಿದರು. ಕೈತುತ್ತು ಕಾಣದ ತೊರಕೆಗಳು ರಾತ್ರಿಯ ಹೊತ್ತು ವಿಶಾಲ ಪ್ರದೇಶದಲ್ಲಿ ಅಲೆದು ಬೇಟೆಯಾಡುತ್ತಿದ್ದವು; ಹಗಲಿನಲ್ಲಿ ಬಹುಮಟ್ಟಿಗೆ ವಿಶ್ರಮಿಸುತ್ತಿದ್ದವು. ಪ್ರವಾಸಿಗರ ತಾಣದ ತೊರಕೆಗಳಾದರೋ ಹಗಲೆಲ್ಲ ತಿನ್ನುತ್ತ, ರಾತ್ರಿ ಅಲ್ಲಿಯೇ ಸಮೀಪದ ಕಿರಿದಾದ ಜಾಗದಲ್ಲಿ ಉಳಿಯುತ್ತಿದ್ದವು. ಅವುಗಳ ದಿನಚರಿಯೇ ತಲೆಕೆಳಗಾಗಿತ್ತು! ಇದಕ್ಕೂ ಹಿಂದಿನ ರಕ್ತಪರೀಕ್ಷೆಗಳು ಇವುಗಳ ಆರೋಗ್ಯವು ಕುಗ್ಗಿರುವುದನ್ನು ತೋರಿಸಿದ್ದವು. ಒಂಟಿಯಾಗಿ ಬಾಳುವ ಪ್ರಾಣಿಗಳು ಒತ್ತೊತ್ತಾಗಿ ನೆರೆದಾಗ ಒಂದನ್ನೊಂದು ಕಚ್ಚುವುದೂ ಪರೋಪಜೀವಿಗಳು ಹರಡುವುದೂ ಸಹಜ. ದೋಣಿಗಳು ತಗಲಿ ಗಾಯಗಳೂ ಆಗುತ್ತವೆ.

ತುತ್ತು ನೀಡುವುದನ್ನು ಒಮ್ಮೆಗೇ ನಿಲ್ಲಿಸಿಬಿಡಬಹುದಲ್ಲ ಎಂದು ಓದುಗರು ಕೇಳಬಹುದು. ಆದರೆ ತೊರಕೆಗಳು ಬಾರದಿದ್ದರೆ ದೋಣಿಗಾರರ ಬದುಕು ನಡೆಯದು. 2020ರ ಮಾರ್ಚಿಯಿಂದ ಸುಮಾರು ಎರಡು ವರ್ಷ, ಕೋವಿಡ್ ಪಿಡುಗಿನ ಕಾರಣ, ಅಲ್ಲಿಗೆ ವಿಹಾರನೌಕೆಗಳೇ ಬರಲಿಲ್ಲ. ಪ್ರವಾಸಿಗರನ್ನೇ ನಂಬಿದ ಜೀವನವೆಷ್ಟು ಅಸ್ಥಿರವೆಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಆದುದರಿಂದ ಅಲ್ಲಿಯ ಸರಕಾರವು ನಡುದಾರಿಯನ್ನು ಹಿಡಿದಿದೆ. ತೊರಕೆಯನ್ನು ನೀರಿನಿಂದ ಮೇಲೆತ್ತಕೂಡದು. ನೀಡುವ ಆಹಾರಕ್ಕೆ ಮಿತಿಯುಂಟು. ಈ ಮೀನನ್ನು ಹಿಡಿಯುವುದು ನಿಷಿದ್ಧ. ಈ ಕಟ್ಟಳೆಗಳು ಉಳಿಯುವುದು ಕಡೆಗೆ ದೋಣಿಗಾರನ ವಿವೇಕದಿಂದಲೇ. ಬಂದವರ ಸಂತೋಷಕ್ಕಾಗಿ ಮೀನನ್ನು ಎತ್ತಿ ತೋರಿಸುವವನೂ ಅವನೇ, ಬೇಡವೆಂದು ತಡೆಯುವವನೂ ಅವನೇ.

ಪ್ರಾಣಿಯು ನಮ್ಮ ಬಳಿಗೆ ಬಂದಿತೆಂದ ಮಾತ್ರಕ್ಕೆ ಅದಕ್ಕೆ ನಮ್ಮಲ್ಲಿ ಪ್ರೀತಿ ಹುಟ್ಟಿತೆಂದು ತಿಳಿಯಬಾರದು. ಅದು ಬಂದುದು ತುತ್ತಿಗಾಗಿ. ಆ ತುತ್ತಿಗೆ ತನ್ನ ಇರುಳಿನ ಬೇಟೆಯನ್ನೇ ಬೆಲೆಯಾಗಿ ಕೊಟ್ಟಿದೆ. ಮುಂದಿನ ಸಲ ಬಾದಾಮಿಯ ಮೆಟ್ಟಿಲುಗಳ ಮೇಲೆ ಕೋತಿಯೊಂದು ಕೈಚಾಚಿದಾಗ, ದೂರದ ಸಮುದ್ರದ ಈ ತೊರಕೆಯನ್ನು ನೆನೆದು, ಬಾಳೆಹಣ್ಣನ್ನು ಚೀಲದಲ್ಲಿಯೇ ಉಳಿಸಿಕೊಳ್ಳುವುದು ಲೇಸು.