ಬಂಟ್ವಾಳದ ದೋಣಿಯೂ ಘಟ್ಟದ ರೈಲೂ

ಬಂದರೆಂದರೆ ಕಡಲ ಕರೆಯಲ್ಲಿಯೇ ಇರತಕ್ಕದ್ದೆಂದು ನಾವು ಸಾಮಾನ್ಯವಾಗಿ ಬಗೆಯುವೆವು. ಆದರೆ ದಕ್ಷಿಣ ಕನ್ನಡದ ಒಳನಾಡಿನಲ್ಲಿರುವ ಬಂಟ್ವಾಳವೂ ಒಂದು ಕಾಲಕ್ಕೆ ಬಂದರೇ ಆಗಿದ್ದಿತು. ಮೈಸೂರು ಸೀಮೆಯ ಕಾಫಿ, ಏಲಕ್ಕಿ ಮೊದಲಾದುವು ಘಟ್ಟವನ್ನಿಳಿದು ನೇತ್ರಾವತಿಯ ದಡಕ್ಕೆ ಬರುತ್ತಿದ್ದುವು. ಅಲ್ಲಿಂದ ದೋಣಿಯೇರಿ ಮಂಗಳೂರನ್ನು ಸೇರುತ್ತಿದ್ದುವು. ಚಾರ್ಮಾಡಿಯಿಂದ ಉಜಿರೆ, ಬೆಳ್ತಂಗಡಿಗಳ ಮೂಲಕ ಬರುವ ದಾರಿಗೆ ಗುರುವಾಯನಕೆರೆಯಲ್ಲಿ ಮೂಡುಬಿದಿರೆ, ವೇಣೂರುಗಳ ದಾರಿಯೂ ಬಂದು ಕೂಡುವುದು. ಬಂಟ್ವಾಳದ ಪೇಟೆಯು ಬೆಳೆದುದು ಇಂತಹ ದಾರಿಗಳ ಮತ್ತು ಹೊಳೆಯ ಬಲದಿಂದ.

ಮಂಗಳೂರಿನ ಹಳೆಯ ಬಂದರಿಗಾದರೋ ಅಳಿವೆಯ ಮರಳದಿಣ್ಣೆಯೇ ದೊಡ್ಡ ತೊಡಕು. ಆಗಬೋಟುಗಳು ದೂರ ಕಡಲಿನಲ್ಲಿ ಲಂಗರು ಹಾಕುತ್ತಿದ್ದುವು; ಸರಕನ್ನು ಸಣ್ಣ ದೋಣಿಗಳಲ್ಲಿ ಅಲ್ಲಿಗೆ ಒಯ್ಯಬೇಕಾಗುತ್ತಿದ್ದಿತು. ಹೀಗಿದ್ದರೂ, 1865ರಲ್ಲಿ ಬಾಸೆಲ್ ಮಿಶನಿನವರು ಇಲ್ಲಿ ಆರಂಭಿಸಿದ ಹಂಚಿನ ಉದ್ಯಮವು ಬೆಳೆದು, ಮಂಗಳೂರು ಹಂಚು ಪೂರ್ವ ಆಫ್ರಿಕದ ಕರಾವಳಿಗೂ ತಲುಪಿತು.

ಆ ಆಫ್ರಿಕದ ಕರೆಯಲ್ಲಿಯೇ, ಮೊಂಬಾಸ ಬಂದರಿನಿಂದ ವಿಕ್ಟೋರಿಯ ಸರೋವರದವರೆಗೆ ಆಂಗ್ಲರು 1896ರಿಂದ 1901ರ ವರೆಗೆ ರೈಲು ಹಾದಿಯನ್ನು ಹಾಕಿಸಿದರು. ಅದಕ್ಕಾಗಿ ನಮ್ಮ ದೇಶದಿಂದ ಸುಮಾರು 32,000 ಮಂದಿ ಕೂಲಿಗಳನ್ನು ಒಯ್ದರು. ಅವರಲ್ಲಿ ಬಹುಪಾಲು ಪಂಜಾಬಿನವರು. ಸುಮಾರು 2,500 ಮಂದಿ ಅಲ್ಲಿಯೇ ಪ್ರಾಣಬಿಟ್ಟರು. ಸಾಮ್ರಾಜ್ಯದ ಹಿಡಿತಕ್ಕೂ ವ್ಯಾಪಾರಕ್ಕೂ ಆ ಹಾದಿ ಬೇಕಾಗಿದ್ದಿತು. ಆ ನೆಲದವರ ಅಗತ್ಯವನ್ನು ಮೊದಲು ಕೇಳಿದವರಾರು?

ನಮ್ಮಲ್ಲಿಯೂ ಈ ಪ್ರಶ್ನೆಗೆ ಎಡೆಯುಂಟು. 1907ರಲ್ಲಿ ತೆಂಕಣಿಂದ ಕರಾವಳಿಯ ಗುಂಟ ರೈಲು ಮಂಗಳೂರಿಗೆ ಬಂದಿತು. ಆದರೆ ಘಟ್ಟದ ಮೇಲಿನ ನಾಡಿಗೆ ಅದು ಏರಲಿಲ್ಲ. ಇಲ್ಲಿಯ ಕರಾವಳಿಯು ಮದರಾಸಿನ ಆಡಳಿತದಲ್ಲಿಯೂ ಘಟ್ಟದ ಮೇಲಿನ ನಾಡು ಮೈಸೂರು ಅರಸರ ಆಳ್ವಿಕೆಯಲ್ಲಿಯೂ ಇದ್ದ ಕಾಲವದು. ಮಂಗಳೂರಿನಿಂದ ಬಂಟ್ವಾಳದ ಮೂಲಕ ಹಾಸನವನ್ನು ಮುಟ್ಟುವ ಹಾದಿಯು ಪೂರ್ಣವಾದುದು 1979ರಲ್ಲಿ; ಎಂದರೆ 72 ವರ್ಷಗಳ ತರುವಾಯ. ಸಕಲೇಶಪುರಕ್ಕೂ ಸುಬ್ರಹ್ಮಣ್ಯಕ್ಕೂ ನಡುವೆ ಸುಮಾರು 55 ಕಿಲೋಮೀಟರಿನೊಳಗೆ 57 ಸುರಂಗಗಳನ್ನು ಕೊರೆಯಬೇಕಾಯಿತು. ಇದಕ್ಕೆ ಮೊದಲೇ, 1975ರ ಜನವರಿಯಲ್ಲಿ, ಎಲ್ಲ ಋತುಗಳಲ್ಲಿಯೂ ಹಡಗು ತಂಗಬಲ್ಲ ಹೊಸ ಬಂದರಿನ ಉದ್ಘಾಟನೆಯು ಪಣಂಬೂರಿನಲ್ಲಿ ನಡೆದಿದ್ದಿತು.

ಮುಂದೆ ಈ ಹಾದಿಯನ್ನು ಅಗಲ ಹಳಿಗೆ ಮಾರ್ಪಡಿಸಿದಾಗ, ಘಟ್ಟದಲ್ಲಿ ಸರಕಿನ ಗಾಡಿಯು 2006ರಲ್ಲಿಯೇ ಓಡಿತು. ಪ್ರಯಾಣಿಕರ ಗಾಡಿಗೆ 2007ರ ಡಿಸೆಂಬರಿನ ವರೆಗೆ ಕಾಯಬೇಕಾಯಿತು. ಊರಿನ ಹೆಂಗಸರಿಗೂ ಮಕ್ಕಳಿಗೂ ಬೆಂಗಳೂರಿನ ದಾರಿಯು ಸುಗಮವಾಗುವುದಕ್ಕಿಂತ ಮುಂಚೆ ಸರಕಿನ ದಾರಿ ತೆರೆಯಿತೆಂಬುದು ಗಮನಾರ್ಹವಾದ ಸಂಗತಿ.

ಬಂಟ್ವಾಳದಲ್ಲಿ ರೈಲು ನಿಲ್ದಾಣವಿದೆ. ಬೆಳ್ತಂಗಡಿ, ಮೂಡುಬಿದಿರೆ ಪೇಟೆಗಳಿಗೆ ಇನ್ನೂ ಬಸ್ಸೇ ಗತಿ. ಬಂದರು, ರೈಲುಗಳಿಂದ ನಾಡಿಗೆ ಸಂಪತ್ತು ಬರುವುದು ನಿಜ. ಆದರೆ ಹೇರು ಎಷ್ಟು ಹೋಯಿತೆಂಬ ಲೆಕ್ಕದೊಡನೆ, ದಾರಿಯ ಬದಿಯ ಮನೆಯವರಲ್ಲಿ ಎಷ್ಟು ಮಂದಿಗೆ ಅದರಲ್ಲಿ ಕುಳಿತು ಹೋಗಲು ಸಾಧ್ಯವಾಯಿತೆಂಬ ಲೆಕ್ಕವನ್ನೂ ಇಡಬೇಕು. ಅದನ್ನು ಕೇಳುವ ಹಕ್ಕು ನಮ್ಮದು.