ಹೊಕ್ಕು ಹರಿದರೆ ಮಗ್ಗ ನಿಲ್ಲಬೇಕು



ಇಚಲಕರಂಜಿಯ ಪವರ್‌ಲೂಮ್ ಶೆಡ್ಡುಗಳನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತು. ಹೊಕ್ಕಿನ ನೂಲು ಹರಿದ ಕೂಡಲೇ ಮಗ್ಗ ತಾನಾಗಿಯೇ ನಿಲ್ಲುತ್ತದೆ. ನೂಲು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡುವ ಸಣ್ಣ ಕವಲುಕಡ್ಡಿಯೊಂದು ಈ ಕೆಲಸ ಮಾಡುತ್ತದೆ. ನೇಕಾರನು ನೂಲನ್ನು ಸರಿಪಡಿಸಿ ಮಗ್ಗವನ್ನು ಮತ್ತೆ ಚಾಲು ಮಾಡುತ್ತಾನೆ. ಆ ಕಡ್ಡಿಯೇ ಕೆಟ್ಟರೆ ಮಗ್ಗ ಓಡುತ್ತಲೇ ಇರುತ್ತದೆ, ಬಟ್ಟೆ ಹಾಳಾಗುತ್ತದೆ.

ನಮ್ಮ ಶರೀರದಲ್ಲಿಯೂ ಇಂಥದೇ ಏರ್ಪಾಡು ಇದೆ. ಜೀವಕೋಶದೊಳಗಿರುವ ಡಿ.ಎನ್.ಎ. ಎಳೆಯನ್ನು ಬಿಡಿಸಿ ಹಿಡಿದರೆ ಸುಮಾರು 2 ಮೀಟರ್ ಉದ್ದವಾಗುತ್ತದೆ. ಬಿಸಿಲು, ಹೊಗೆ, ವಿಷಪದಾರ್ಥ ಹಾಗೂ ಶರೀರದೊಳಗಿನ ಸಹಜ ಕ್ರಿಯೆಗಳಿಂದಲೂ ಈ ಎಳೆಗೆ ದಿನಾಲೂ ಸಾವಿರಾರು ಸಣ್ಣ ಪೆಟ್ಟುಗಳು ಬೀಳುತ್ತವೆ. ಒಂದು ಕೋಶ ಎರಡಾಗುವ ಮೊದಲು ಅದನ್ನು ತಡೆದು ನಿಲ್ಲಿಸಿ, ಎಳೆ ದುರಸ್ತಿಯಾದ ಮೇಲೆಯೇ ಮುಂದೆ ಬಿಡುವ ತಪಾಸಣೆ ಇದೆ. ಈ ವಿಚಾರವನ್ನು ಯೀಸ್ಟಿನಲ್ಲಿ ತೋರಿಸಿಕೊಟ್ಟ ಅಮೇರಿಕದ ಲೆಲ್ಯಾಂಡ್ ಹಾರ್ಟ್‌ವೆಲ್ ಅವರು 2001ರ ನೊಬೆಲ್ ಪ್ರಶಸ್ತಿ ಪಡೆದವರಲ್ಲಿ ಒಬ್ಬರು.

ಈ ತಪಾಸಣೆ ಇಲ್ಲದಿದ್ದರೆ ಏನಾದೀತು? ಇಲಿಗಳ ಮೇಲಿನ ಪ್ರಯೋಗಗಳು ಇದಕ್ಕೆ ಉತ್ತರ ಕೊಟ್ಟಿವೆ. ಹಸ್-1 ಎಂಬ ವಂಶವಾಹಿಯಿಂದ ಆಗುವ ಪ್ರೋಟೀನು ಇನ್ನೆರಡು ಪ್ರೋಟೀನುಗಳ ಜೊತೆ ಸೇರಿ ಉಂಗುರದಂತೆ ಡಿ.ಎನ್.ಎ. ಎಳೆಯನ್ನು ಸುತ್ತಿಕೊಂಡು, ಪೆಟ್ಟು ಬಿದ್ದ ಸುದ್ದಿಯನ್ನು ಮುಂದೆ ಮುಟ್ಟಿಸುತ್ತದೆ. 2000ದಲ್ಲಿ ವಿಜ್ಞಾನಿಗಳು ಇಲಿಯಲ್ಲಿ ಈ ವಂಶವಾಹಿಯನ್ನು ತೆಗೆದುಹಾಕಿ ನೋಡಿದರು. ಮರಿಗಳು ಹುಟ್ಟಲೇ ಇಲ್ಲ, ಗರ್ಭದಲ್ಲಿಯೇ ಸತ್ತವು. ಅವುಗಳ ಕೋಶಗಳಲ್ಲಿ ವರ್ಣತಂತುಗಳು ಮುರಿದಿದ್ದವು. ಪಿ-53 ಎಂಬುದು ಇನ್ನೊಬ್ಬ ಕಾವಲುಗಾರ. 1992ರ ಪ್ರಯೋಗದಲ್ಲಿ ಇದಿಲ್ಲದ ಇಲಿಮರಿಗಳು ಹುಟ್ಟುವಾಗ ಚೆನ್ನಾಗಿಯೇ ಕಂಡರೂ, ಆರು ತಿಂಗಳಾಗುವಷ್ಟರಲ್ಲಿ ಹೆಚ್ಚಿನವುಗಳಿಗೆ ಕ್ಯಾನ್ಸರ್ ಗಡ್ಡೆಗಳು ಎದ್ದವು.

ಇಲಿಯ ಈ ಮಾತು ನಮಗೇಕೆ ಎಂದು ಕೇಳಬಹುದು. ಇವೇ ಕಾವಲುಗಾರರು ನಮ್ಮಲ್ಲಿಯೂ ಇದ್ದಾರೆ. ನಮ್ಮ ಮನೆಯಲ್ಲಿರುವ ಎರಡು ವಸ್ತುಗಳು ಎಳೆಯನ್ನು ಮಾತ್ರವಲ್ಲ, ಕಾವಲುಗಾರನನ್ನೂ ಕೆಡಿಸಬಲ್ಲವು.

ಮೊದಲನೆಯದು ಬೂಸ್ಟು ಹಿಡಿದ ಶೇಂಗಾ. ಗಡಹಿಂಗ್ಲಜ ಕಡೆ ಮುಂಗಾರಿ ಶೇಂಗಾ ಕೀಳುವಾಗ ಮಳೆ ಹಿಡಿದರೆ ಕಾಯಿ ಒಣಗುವುದಿಲ್ಲ. ಆಗ ಬೆಳೆಯುವ ಒಂದು ಬಗೆಯ ಬೂಸ್ಟಿನಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಈ ವಿಷ ಹೆಚ್ಚಾಗಿರುವ ಚೀನಾ ಮತ್ತು ದಕ್ಷಿಣ ಆಫ್ರಿಕಾದ ಭಾಗಗಳಲ್ಲಿ ಯಕೃತ್ತಿನ ಕ್ಯಾನ್ಸರ್ ಆದವರನ್ನು ಪರೀಕ್ಷಿಸಿದಾಗ, ಅನೇಕರ ಪಿ-53 ಒಂದೇ ಜಾಗದಲ್ಲಿ ಕೆಟ್ಟಿರುವುದು 1991ರಲ್ಲಿ ಕಂಡುಬಂತು. ಹುರಿದರೂ ಕುದಿಸಿದರೂ ಈ ವಿಷ ಪೂರ್ತಿ ಹೋಗುವುದಿಲ್ಲ. ಆದ್ದರಿಂದ:

• ಕೀಳುವಾಗ ಕುರ್ಚಿಗೆ-ಗುದ್ದಲಿ ತಾಗಿ ಒಡೆದ ಕಾಯಿಗಳನ್ನು ಬೇರೆ ಇಡಬೇಕು.

• ಅಲ್ಲಾಡಿಸಿದರೆ ಕಾಳು ಗಲಗಲ ಎನ್ನುವವರೆಗೆ ಒಣಗಿಸಬೇಕು. ಚೀಲಗಳನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಇಡಬೇಕು.

• ಬಣ್ಣ ಕೆಟ್ಟ, ಮುರುಟಿದ, ಬೂಸ್ಟು ಬಂದ ಕಾಳನ್ನು ಆರಿಸಿ ಎಸೆಯಬೇಕು. ಅದನ್ನು ಎಮ್ಮೆಗೂ ಹಾಕಬಾರದು, ಏಕೆಂದರೆ ವಿಷ ಹಾಲಿಗೆ ಇಳಿಯುತ್ತದೆ.

ಎರಡನೆಯದು ತಂಬಾಕು. ಬೀಡಿಯ ಹೊಗೆಯಾಗಲಿ, ಸುಣ್ಣ ತಿಕ್ಕಿ ದವಡೆಯಲ್ಲಿಡುವ ಎಲೆಯಾಗಲಿ, ಹೆಣ್ಣುಮಕ್ಕಳು ಹಲ್ಲುಜ್ಜುವ ಮಿಶ್ರಿಯಾಗಲಿ, ಎಲ್ಲದರಲ್ಲಿಯೂ ಡಿ.ಎನ್.ಎ.ಗೆ ಪೆಟ್ಟು ಕೊಡುವ ವಿಷಗಳಿವೆ. ಮಹಾರಾಷ್ಟ್ರ ಸರಕಾರ 2012ರಲ್ಲಿ ಗುಟ್ಕಾ ನಿಷೇಧಿಸಿತು. ಆದರೆ ಮನೆಯ ಮಿಶ್ರಿ ಡಬ್ಬಿಯನ್ನು ನಾವೇ ಎತ್ತಿ ಎಸೆಯಬೇಕು. ಮಿಶ್ರಿಯಿಂದ ಹಲ್ಲು ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳುವಳಿಕೆ.

ಬಾಯಲ್ಲಿ ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ, ಬಾಯಿ ಪೂರ್ತಿ ತೆರೆಯಲು ಬರದಿದ್ದರೆ, ನೋವಿಲ್ಲವೆಂದು ಸುಮ್ಮನಿರಬೇಡಿ. ಆರಂಭದಲ್ಲಿ ಕ್ಯಾನ್ಸರ್ ಹೆಚ್ಚಾಗಿ ನೋಯುವುದಿಲ್ಲ. ಗಡಹಿಂಗ್ಲಜದ ಉಪಜಿಲ್ಲಾ ಆಸ್ಪತ್ರೆಯಲ್ಲಾಗಲಿ, ಕೊಲ್ಹಾಪುರದ ಸಿ.ಪಿ.ಆರ್. ಆಸ್ಪತ್ರೆಯಲ್ಲಾಗಲಿ ತೋರಿಸಿರಿ. ಬೇಗ ಕಂಡುಹಿಡಿದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು.

ಹರಿದ ಎಳೆಯನ್ನು ಶರೀರ ತಾನೇ ಜೋಡಿಸಿಕೊಳ್ಳುತ್ತದೆ. ಆದರೆ ದಿನಾಲೂ ಹೊಸ ಪೆಟ್ಟು ಕೊಡುತ್ತಿದ್ದರೆ ಅದಕ್ಕೂ ಒಂದು ಮಿತಿಯಿದೆ. ಈ ಹಂಗಾಮಿನ ಶೇಂಗಾವನ್ನು ಚೀಲಕ್ಕೆ ತುಂಬುವ ಮೊದಲು ಮನೆಮಂದಿಯೆಲ್ಲ ಕುಳಿತು ಒಮ್ಮೆ ಆರಿಸೋಣ. ತಂಬಾಕಿನ ಚೀಲವನ್ನೂ ಅದೇ ದಿನ ಮನೆಯಿಂದ ಹೊರಗೆ ಹಾಕೋಣ.